ಪೆಪ್ಟೈಡ್ ಸೀರಂನಲ್ಲಿ ನಿಲ್ಲುತ್ತಿಲ್ಲ: ಮೊದಲು ಏನು ಬದಲಿಸಲಿ?

ಕೆಲಗೇರಿ ಎಂಎಸ್ಸಿ (ಧಾರವಾಡ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ ರೀ. ನಾನು ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಕೊನೆ ವರ್ಷದಲ್ಲಿದ್ದೇನೆ. ಡಾಕ್ಸೊರುಬಿಸಿನ್ ಔಷಧವನ್ನು ಕ್ಯಾನ್ಸರ್ ಗಡ್ಡೆಯವರೆಗೆ ಹೊತ್ತು ಮುಟ್ಟಿಸುವ ಸಣ್ಣ ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರಪಳಿ) ಮಾಡುವುದು ನನ್ನ ಪ್ರಾಜೆಕ್ಟ್.

ಈ ವಿಷಯ ನಾನೇ ಆರಿಸಿಕೊಂಡಿದ್ದು. ನಮ್ಮ ಚಿಕ್ಕಮ್ಮನಿಗೆ ಹುಬ್ಬಳ್ಳಿಯಲ್ಲಿ ಕೀಮೋ ಆಗುವಾಗ ಈ ಕೆಂಪು ಔಷಧವನ್ನೇ ಕೊಟ್ಟರು. ನಡುನಡುವೆ ಎಕೋ ಮಾಡಿಸಿ ಹೃದಯ ನೋಡುತ್ತಿದ್ದರು. ಗಡ್ಡೆ ಕರಗುತ್ತಿದ್ದರೂ ಹೃದಯ ತಡೆಯುವುದಿಲ್ಲ, ಅದಕ್ಕೆ ಇಡೀ ಜೀವಮಾನಕ್ಕೆ ಇಷ್ಟೇ ಅಂತ ಮಿತಿ ಇದೆ ಅಂದರು. ಹೃದಯಕ್ಕೆ ಹೋಗದೆ ಗಡ್ಡೆಗೆ ಹೋಗುವ ಹಾಗೆ ಮಾಡಲು ಆಗುವುದಿಲ್ಲವಾ ಅನ್ನುವ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ.

ಈಗ ನನ್ನ ಹತ್ತಿರ ಇರುವುದು 7 ಅಮೈನೊ ಆಮ್ಲಗಳ ನೇರ ಸರಪಳಿ: ಗ್ಲೈಸೀನ್, ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ, ಸೆರೀನ್, ಪ್ರೊಲೀನ್, ಲೈಸೀನ್. ನಡುವಿನ ಆರ್‌ಜಿಡಿ ತುಣುಕು (ಆರ್ಜಿನೀನ್-ಗ್ಲೈಸೀನ್-ಆಸ್ಪಾರ್ಟಿಕ್ ಆಮ್ಲ) ಗಡ್ಡೆಯ ಹೊಸ ರಕ್ತನಾಳಗಳಲ್ಲಿ ಜಾಸ್ತಿ ಇರುವ ಆಲ್ಫಾ-ವಿ ಬೀಟಾ-3 ಇಂಟಿಗ್ರಿನ್ ಅನ್ನುವ ಕೋಶದ ಮೇಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಮನುಷ್ಯರ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) 37 ಡಿಗ್ರಿಗೆ ಇಟ್ಟು ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ವಿಧಾನ) ಮಾಡಿದರೆ 15 ನಿಮಿಷಕ್ಕೆ ಪೀಕ್ ಅರ್ಧಕ್ಕೆ ಇಳಿಯುತ್ತದೆ. ಒಂದು ತಾಸಿಗೆ ಏನೂ ಉಳಿಯುವುದಿಲ್ಲ.

ಗೈಡ್ ಸರಪಳಿಯ ಎರಡು ತುದಿ ಸೇರಿಸಿ ಉಂಗುರ ಮಾಡು ಅಂತಾರೆ. ಸೀನಿಯರ್ ಒಬ್ಬರು ಎಲ್ಲವನ್ನೂ ಡಿ-ಅಮೈನೊ ಆಮ್ಲ (ಮೈಯಲ್ಲಿನ ಮಾಮೂಲಿ ಎಲ್ ರೂಪದ ಕನ್ನಡಿ ಬಿಂಬ) ಮಾಡಿಬಿಡು ಅಂದರು. ಇನ್ನೊಬ್ಬರು ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಉದ್ದ ಅಣು) ಜೋಡಿಸು ಅಂದರು. ಮೂರು ದಾರಿಯನ್ನೂ ಪೂರ್ತಿ ಮಾಡಿ ನೋಡಲು ದುಡ್ಡಿಲ್ಲ. ಹೊಸದಾಗಿ ಮೂರು ಪೆಪ್ಟೈಡ್ ಮಾಡುವಷ್ಟು ರೆಸಿನ್ (ಪೆಪ್ಟೈಡ್ ಕಟ್ಟುವ ಮಣಿಗಳು), ಅಮೈನೊ ಆಮ್ಲ ಇದೆ, ಅಷ್ಟೇ. ಯಾವುದರಿಂದ ಶುರು ಮಾಡಲಿ?

ಬೆಟಗೇರಿ ಕೆಮಿಸ್ಟ್ (ಗದಗ):

ತಂಗಿ, ಪೆಪ್ಟೈಡ್ ತಯಾರಿಸುವ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು, ಈಗ ಊರಲ್ಲಿದ್ದೇನೆ. ಉದ್ದ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ಉಂಗುರ, ಡಿ-ಆಮ್ಲ, ಪೆಗ್ ಎಲ್ಲ ಸದ್ಯಕ್ಕೆ ಬದಿಗಿಡಿ. ನಿಮ್ಮ ಪೆಪ್ಟೈಡ್ ಯಾವ ಜಾಗದಲ್ಲಿ ತುಂಡಾಗುತ್ತಿದೆ ಅಂತ ನೋಡಿದ್ದೀರಾ? ಪೀಕ್ ಹೋಯಿತು ಅನ್ನುವುದನ್ನು ಎಚ್‌ಪಿಎಲ್‌ಸಿ ತೋರಿಸುತ್ತದೆ. ಎಲ್ಲಿ ಮುರಿಯಿತು ಅಂತ ಅದಕ್ಕೆ ಗೊತ್ತಿಲ್ಲ. ಅದೇ 5 ಮತ್ತು 15 ನಿಮಿಷದ ಸ್ಯಾಂಪಲ್‌ಗೆ ಅಸಿಟೊನೈಟ್ರೈಲ್ ಹಾಕಿ ಸೀರಂ ಪ್ರೋಟೀನ್ ಕೆಳಗಿಳಿಸಿ, ಮೇಲಿನ ತಿಳಿಯನ್ನು ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೊಮೀಟರ್‌ಗೆ ಕೊಡಿ. ಪೂರ್ತಿ ಪೆಪ್ಟೈಡಿನ ತೂಕಕ್ಕಿಂತ 57 ಕಡಿಮೆ ಇರುವ ತುಂಡು ಕಂಡರೆ ಮೊದಲಿನ ಗ್ಲೈಸೀನ್ ಹೋಗಿದೆ. 128 ಕಡಿಮೆ ಇದ್ದರೆ ಕೊನೆಯ ಲೈಸೀನ್ ಹೋಗಿದೆ. ಆರ್ಜಿನೀನ್ ಆದಮೇಲೆ ಮುರಿದಿದ್ದರೆ ಎರಡು ಚೂರು ಬೇರೆಯೇ ಕಾಣುತ್ತವೆ. ಒಂದು ಮಧ್ಯಾಹ್ನದ ಕೆಲಸ. ಇದು ಕೈಯಲ್ಲಿಲ್ಲದೆ ಹೊಸ ಪೆಪ್ಟೈಡ್‌ಗೆ ಒಂದು ಗ್ರಾಂ ರೆಸಿನ್ ಕೂಡ ತೂಗಬೇಡಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಸೀರಂನಲ್ಲಿ ತುದಿಯಿಂದ ಕಡಿಯುವ ಕಿಣ್ವಗಳ ಹಾವಳಿಯೇ ಜಾಸ್ತಿ. ಅಮೈನೊಪೆಪ್ಟಿಡೇಸ್‌ಗಳು ಮೊದಲ ತುದಿಯಿಂದ ಒಂದೊಂದೇ ಬಿಡಿಸುತ್ತವೆ, ಕಾರ್ಬಾಕ್ಸಿಪೆಪ್ಟಿಡೇಸ್‌ಗಳು ಕೊನೆಯಿಂದ. ನಿಮ್ಮ ಕೊನೆಯಲ್ಲಿ ಲೈಸೀನ್ ಬೆತ್ತಲೆ ಇದೆ. ಲೈಸೀನ್, ಆರ್ಜಿನೀನ್ ಕೊನೆಯಲ್ಲಿ ಸಿಕ್ಕರೆ ಕತ್ತರಿಸುವುದಕ್ಕೆಂದೇ ರಕ್ತದಲ್ಲಿ ಒಂದು ಕಾರ್ಬಾಕ್ಸಿಪೆಪ್ಟಿಡೇಸ್ ಇದೆ. ಹಾಗಾಗಿ ಎಲ್ಲಕ್ಕಿಂತ ಅಗ್ಗದ ಬದಲಾವಣೆ ತುದಿ ಮುಚ್ಚುವುದು. ರಿಂಕ್ ಅಮೈಡ್ ರೆಸಿನ್ ಬಳಸಿದರೆ ಕೊನೆಯ ತುದಿ ತಾನಾಗಿಯೇ ಅಮೈಡ್ ಆಗಿ ಬರುತ್ತದೆ. ಮೊದಲ ತುದಿಗೆ ಅಸೆಟಿಕ್ ಅನ್‌ಹೈಡ್ರೈಡ್ ಹಾಕಿ ಅಸಿಟೈಲ್ ಮಾಡಿ. ಇಷ್ಟಕ್ಕೇ ನಿಮ್ಮ ತೊಂದರೆ ಅರ್ಧ ಕಳೆದರೂ ಕಳೆಯಬಹುದು.

ಈ ವಿದ್ಯೆ ಕಲಿಯಲು ಆಕ್ಟ್ರಿಯೊಟೈಡ್‌ಗಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ನಮ್ಮ ಮೈಯಲ್ಲಿನ ಸೊಮಾಟೊಸ್ಟಾಟಿನ್ 14 ಅಮೈನೊ ಆಮ್ಲಗಳದ್ದು. ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ. ಔಷಧವಾಗಿ ಕೊಡಬೇಕಾದರೆ ಡ್ರಿಪ್ ಹಾಕಿ ಕೂರಬೇಕು. ರಿಸೆಪ್ಟರ್ (ಹಾರ್ಮೋನು ಕೂರುವ ಕೋಶದ ಮೇಲಿನ ಪ್ರೋಟೀನ್) ಹಿಡಿಯುವ ಕೆಲಸ ನಡುವಿನ ನಾಲ್ಕರದ್ದು ಮಾತ್ರ ಅಂತ ಕೆಮಿಸ್ಟರು ಮೊದಲು ಗುರುತಿಸಿದರು: ಫಿನೈಲ್‌ಅಲನೀನ್, ಟ್ರಿಪ್ಟೊಫ್ಯಾನ್, ಲೈಸೀನ್, ತ್ರಿಯೊನೀನ್. ಅದರ ಎರಡೂ ಬದಿಗೆ ಸಿಸ್ಟೀನ್ ಇಟ್ಟು ಗಂಧಕದ ಸೇತುವೆ ಕಟ್ಟಿದರು. ಕತ್ತರಿ ಬೀಳುತ್ತಿದ್ದ ಟ್ರಿಪ್ಟೊಫ್ಯಾನ್ ಒಂದನ್ನು ಮಾತ್ರ ಡಿ ರೂಪಕ್ಕೆ ತಿರುಗಿಸಿದರು. ಮೊದಲ ತುದಿಗೆ ಡಿ-ಫಿನೈಲ್‌ಅಲನೀನ್, ಕೊನೆಗೆ ಆಮ್ಲದ ಬದಲು ಆಲ್ಕೊಹಾಲ್ ಇರುವ ತ್ರಿಯೊನಿನಾಲ್. ಒಟ್ಟು 8. ಎರಡು ಮೂರು ನಿಮಿಷದ್ದು ಒಂದೂವರೆ ತಾಸಿನದಾಯಿತು. 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಗಮನಿಸಿ, ಅವರು ಎಲ್ಲವನ್ನೂ ಬದಲಿಸಲಿಲ್ಲ. ಮುರಿಯುತ್ತಿದ್ದ ಜಾಗಕ್ಕೆ ಮಾತ್ರ ಕೈ ಹಾಕಿದರು, ಹಿಡಿಯುವ ಜಾಗದ ಆಕಾರ ಕೆಡದಂತೆ ನೋಡಿಕೊಂಡರು.

ಇನ್ನೊಂದು ಉದಾಹರಣೆ ಈಗ ಎಲ್ಲರ ಬಾಯಲ್ಲೂ ಇರುವ ಸೆಮಾಗ್ಲುಟೈಡ್. ಇದು ಗಡ್ಡೆಗೆ ಹೋಗುವ ಔಷಧ ಅಲ್ಲ, ಸಕ್ಕರೆ ಕಾಯಿಲೆಯದು. ಆದರೂ ಹೇಳಲೇಬೇಕು. ಜಿಎಲ್‌ಪಿ-1 ಹಾರ್ಮೋನಿನ ಎರಡನೇ ಜಾಗದಲ್ಲಿ ಅಲನೀನ್ ಇದೆ. ಡಿಪಿಪಿ-4 ಅನ್ನುವ ಕಿಣ್ವ ಅದರ ಪಕ್ಕದಲ್ಲೇ ಕತ್ತರಿಸುತ್ತದೆ. ಎರಡು ನಿಮಿಷದ ಆಯುಸ್ಸು. ಅಲನೀನ್ ತೆಗೆದು ಎಐಬಿ (ಅಮೈನೊಐಸೊಬ್ಯುಟಿರಿಕ್ ಆಮ್ಲ) ಹಾಕಿದರು. ಅಲನೀನ್‌ಗೆ ಒಂದು ಮಿಥೈಲ್ ಇದ್ದರೆ ಇದಕ್ಕೆ ಎರಡು, ಕಿಣ್ವಕ್ಕೆ ಒಳಗೆ ಹಿಡಿಸುವುದಿಲ್ಲ. ನಂತರ 18 ಕಾರ್ಬನ್ನಿನ ಕೊಬ್ಬಿನ ಬಾಲ ಜೋಡಿಸಿದರು, ಅದು ರಕ್ತದ ಆಲ್ಬುಮಿನ್‌ಗೆ ತಗುಲಿಕೊಂಡು ಓಡಾಡುತ್ತದೆ. ಹಾಗಾಗಿ ವಾರಕ್ಕೊಂದು ಇಂಜೆಕ್ಷನ್ ಸಾಕು. ಈ ಎಐಬಿ ನಮಗೆ ದೂರದ್ದಲ್ಲ. ಅದು ಪೆಪ್ಟೈಡ್ ಸರಪಳಿಯನ್ನು ಹೇಗೆ ಬಿಗಿಯಾಗಿ ಸುರುಳಿ ಸುತ್ತಿಸುತ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಅವರ ಗುಂಪು ದಶಕಗಳ ಕಾಲ ಕೆಲಸ ಮಾಡಿದೆ. ಅವರ ಪೇಪರುಗಳನ್ನು ಓದಿ. ಪೆಪ್ಟೈಡಿನ ಬೆನ್ನೆಲುಬು ಯಾವ ಕೋನಗಳಿಗೆ ತಿರುಗಬಹುದು ಅಂತ ತೋರಿಸುವ 1963ರ ರಾಮಚಂದ್ರನ್ ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದಿದರೆ ಎಐಬಿಗೆ ತಿರುಗಾಡಲು ಎಷ್ಟು ಕಡಿಮೆ ಜಾಗ ಇದೆ ಅಂತ ಕಣ್ಣಿಗೇ ಕಾಣುತ್ತದೆ.

ಎಲ್ಲವನ್ನೂ ಡಿ ಮಾಡು ಅಂದ ಸೀನಿಯರ್ ಮಾತು. ಕಿಣ್ವದಿಂದ ತಪ್ಪಿಸಿಕೊಳ್ಳುವುದೇನೋ ನಿಜ. ಆದರೆ ಇಂಟಿಗ್ರಿನ್ ಕೂಡ ಎಲ್-ಆಮ್ಲಗಳದ್ದೇ, ಅದಕ್ಕೂ ನಿಮ್ಮ ಪೆಪ್ಟೈಡ್ ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸಿದ ಹಾಗಾಗುತ್ತದೆ. ಒಂದೆರಡು ಕಡೆ ಡಿ ಹಾಕುವುದು ಬೇರೆ, ಪೂರ್ತಿ ತಿರುಗಿಸುವುದು ಬೇರೆ. ಪೂರ್ತಿ ತಿರುಗಿಸಿ, ಅನುಕ್ರಮವನ್ನೂ ಹಿಂದುಮುಂದು ಮಾಡುವ ರೆಟ್ರೊ-ಇನ್ವರ್ಸೊ ಅಂತ ಒಂದು ದಾರಿ ಇದೆ. ಕೆಲವೊಮ್ಮೆ ಫಲ ಕೊಡುತ್ತದೆ. ಮೂರೇ ಪೆಪ್ಟೈಡಿನ ದುಡ್ಡಿದ್ದಾಗ ಅದರ ಮೇಲೆ ಹಾಕಬೇಡಿ.

ಪೆಗ್ ನಿಮಗೆ ಈಗ ಬೇಡ. 7 ಅಮೈನೊ ಆಮ್ಲದ ಪೆಪ್ಟೈಡ್‌ಗೆ ದೊಡ್ಡ ಪೆಗ್ ಕಟ್ಟಿದರೆ ಹಿಡಿಯುವ ತುಣುಕೇ ಮುಚ್ಚಿಹೋಗಬಹುದು.

ಉಂಗುರ ಅಂದ ನಿಮ್ಮ ಗೈಡ್ ಸರಿಯಾಗಿಯೇ ಹೇಳಿದ್ದಾರೆ. ಆರ್‌ಜಿಡಿಗೆ ಕಿಣ್ವದ ಕಾಟ ಒಂದೇ ಅಲ್ಲ. ಆಸ್ಪಾರ್ಟಿಕ್ ಆಮ್ಲದ ಪಕ್ಕದ ಸರಪಳಿ ಬಾಗಿ ತನ್ನದೇ ಬೆನ್ನೆಲುಬಿನ ಮೇಲೆ ದಾಳಿ ಮಾಡುತ್ತದೆ. ಕಿಣ್ವ ಇಲ್ಲದ ಬಫರ್‌ನಲ್ಲೂ ಇದು ನಡೆಯುತ್ತದೆ. ಐದು ಅಮೈನೊ ಆಮ್ಲಗಳ ಬಿಗಿ ಉಂಗುರದಲ್ಲಿ ಹಾಗೆ ಬಾಗುವುದು ಕಷ್ಟ. ಅಲ್ಲದೆ ಉಂಗುರಕ್ಕೆ ತುದಿಯೇ ಇಲ್ಲ, ತುದಿ ಕಡಿಯುವ ಕಿಣ್ವಕ್ಕೆ ಕೆಲಸವೂ ಇಲ್ಲ. ಮ್ಯೂನಿಕ್‌ನ ಹೊರ್ಸ್ಟ್ ಕೆಸ್ಲರ್ ಗುಂಪು ಇದೇ ದಾರಿಯಲ್ಲಿ ಆರ್‌ಜಿಡಿ ಜೊತೆಗೆ ಡಿ-ಫಿನೈಲ್‌ಅಲನೀನ್ ಮತ್ತು ವ್ಯಾಲೀನ್ ಇಟ್ಟು ಐದರ ಉಂಗುರ ಮಾಡಿತು. ಆ ವ್ಯಾಲೀನ್ ಜಾಗಕ್ಕೆ ಲೈಸೀನ್ ಹಾಕಿದರೆ ಔಷಧ ಕಟ್ಟಲು ಒಂದು ಕೈ ಸಿಗುತ್ತದೆ. ನಿಮಗೆ ಬೇಕಾದದ್ದು ಅದು.

ಮಾಡುವ ರೀತಿಯನ್ನೂ ಹೇಳಿಬಿಡುತ್ತೇನೆ. ಉಂಗುರವನ್ನು ಎಲ್ಲಿ ತೆರೆಯಬೇಕು ಅನ್ನುವುದರಲ್ಲೇ ಅರ್ಧ ಗೆಲುವು. ಗ್ಲೈಸೀನ್ ಕೊನೆಗೆ ಬರುವಂತೆ ಕಟ್ಟಿ: ಆಸ್ಪಾರ್ಟಿಕ್, ಡಿ-ಫಿನೈಲ್‌ಅಲನೀನ್, ಲೈಸೀನ್, ಆರ್ಜಿನೀನ್, ಗ್ಲೈಸೀನ್. ಗ್ಲೈಸೀನ್‌ಗೆ ಎಡ-ಬಲ ಇಲ್ಲದ ಕಾರಣ ತುದಿ ಜೋಡಿಸುವಾಗ ರೇಸಿಮೀಕರಣದ (ಎಲ್ ಮತ್ತು ಡಿ ರೂಪ ಬೆರೆತುಹೋಗುವ) ಭಯ ಇಲ್ಲ. 2-ಕ್ಲೋರೊಟ್ರೈಟಿಲ್ ರೆಸಿನ್ ಮೇಲೆ ಮಾಡಿ, 1% ಟಿಎಫ್‌ಎಯಲ್ಲಿ (ಟ್ರೈಫ್ಲೋರೊಅಸೆಟಿಕ್ ಆಮ್ಲ) ಬಿಡಿಸಿ. ಪಕ್ಕದ ಗುಂಪುಗಳನ್ನು ಕಾಪಾಡಲು ಹಾಕಿದ ಮುಚ್ಚಳ ಹಾಗೇ ಉಳಿಯುತ್ತದೆ. ಮುಚ್ಚುವ ಹಂತದಲ್ಲಿ ದ್ರಾವಣ ತೆಳ್ಳಗಿರಲಿ, 1 ಮಿಲಿಮೋಲಾರ್‌ಗಿಂತ ಕಡಿಮೆ. ಗಟ್ಟಿ ಇದ್ದರೆ ಒಂದರ ತಲೆ ಇನ್ನೊಂದರ ಬಾಲಕ್ಕೆ ಸೇರಿ ಜೋಡಿ ಉಂಗುರ ಆಗುತ್ತದೆ.

ಪ್ರತಿ ಹಂತದಲ್ಲೂ ಕೈಸರ್ ಪರೀಕ್ಷೆ ಮಾಡಿ. ರೆಸಿನ್ನಿನ ನಾಲ್ಕೈದು ಮಣಿ ಸಣ್ಣ ಟ್ಯೂಬಿಗೆ ಹಾಕಿ, ನಿನ್‌ಹೈಡ್ರಿನ್ ದ್ರಾವಣದ ಹನಿ ಬಿಟ್ಟು ಬಿಸಿ ಮಾಡಿ. ದ್ರಾವಣ ಹಳದಿ, ಮಣಿ ಬಣ್ಣಗೆಟ್ಟಿಲ್ಲ ಅಂದರೆ ಅಮೈನೊ ಆಮ್ಲ ಪೂರ್ತಿ ಕೂತಿದೆ. ಬರೀ ಕಣ್ಣಿಗೆ ಹಳದಿಯೇ ಕಂಡರೂ ಟ್ಯೂಬನ್ನು ಬಿಳಿ ಕಾಗದದ ಮೇಲೆ ಹಿಡಿದು ಮಣಿಗಳನ್ನೇ ನೋಡಿ. ಒಂದೇ ಒಂದು ಮಣಿಯ ಒಳಗೆ ನೀಲಿ ಛಾಯೆ ಕಂಡರೂ ಮತ್ತೊಮ್ಮೆ ಜೋಡಿಸಿ. ನಿಮ್ಮ ಹಳೇ ಸರಪಳಿಯಲ್ಲಿನ ಪ್ರೊಲೀನ್ ಹತ್ತಿರ ಈ ಪರೀಕ್ಷೆ ನಂಬಬೇಡಿ, ಅಲ್ಲಿ ನೀಲಿ ಬರುವುದಿಲ್ಲ. ಕ್ಲೋರಾನಿಲ್ ಪರೀಕ್ಷೆ ಮಾಡಿ.

ಕೆಲಗೇರಿ ಎಂಎಸ್ಸಿ:

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಾಳೆಯೇ ಮಾಸ್‌ಗೆ ಸ್ಯಾಂಪಲ್ ಕೊಡುತ್ತೇನೆ. ಒಂದು ಅನುಮಾನ. ಉಂಗುರ ಸೀರಂನಲ್ಲಿ ಇಡೀ ದಿನ ಉಳಿಯಿತು ಅಂದುಕೊಳ್ಳೋಣ. ಆಗ ಅದು ಮೈಯಲ್ಲೂ ದಿನವಿಡೀ ಇರುತ್ತದೆ, ಗಡ್ಡೆಗೂ ಹೋಗುತ್ತದೆ ಅಂತ ಹೇಳಬಹುದಲ್ವಾ?

ರಾಣೆಬೆನ್ನೂರು ನ್ಯೂಕ್ಲಿಯರ್ (ಈಗ ಬೆಂಗಳೂರು):

ಇದಕ್ಕೆ ನಾನು ಉತ್ತರ ಕೊಡಬಹುದು ತಂಗಿ. ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ಪೆಪ್ಟೈಡ್ ಗಡ್ಡೆಗೆ ಹೋಗುವುದನ್ನು ಪರದೆ ಮೇಲೆ ನೋಡುವುದೇ ನನ್ನ ಕೆಲಸ.

ಹಾಗೆ ಹೇಳಲು ಬರುವುದಿಲ್ಲ. ಸೀರಂ ಟ್ಯೂಬಿಗೆ ಕಿಡ್ನಿ ಇರುವುದಿಲ್ಲ. ನಿಮ್ಮ ಪೆಪ್ಟೈಡ್ ಎಷ್ಟೇ ಗಟ್ಟಿ ಇರಲಿ, ಅಷ್ಟು ಸಣ್ಣದು ಕಿಡ್ನಿಯಲ್ಲಿ ಸೋಸಿ ಮೂತ್ರಕ್ಕೆ ಹೋಗುತ್ತದೆ. ಮುರಿಯದೆ ಇಡಿಯಾಗಿಯೇ ಹೋಗುತ್ತದೆ.

ಮೇಲಿನ ಅಣ್ಣ ಹೇಳಿದ ಆಕ್ಟ್ರಿಯೊಟೈಡಿನ ತಮ್ಮ ಡೋಟಾಟೇಟ್. ಅದೇ ಎಂಟರ ಪೆಪ್ಟೈಡಿನಲ್ಲಿ ಸಣ್ಣ ಬದಲಾವಣೆ, ಮೊದಲ ತುದಿಗೆ ಡೋಟಾ ಅನ್ನುವ ಲೋಹ ಹಿಡಿಯುವ ಗುಂಪು. ನ್ಯೂರೊಎಂಡೊಕ್ರೈನ್ ಗಡ್ಡೆಗಳಲ್ಲಿ ಸೊಮಾಟೊಸ್ಟಾಟಿನ್ ರಿಸೆಪ್ಟರ್ ಜಾಸ್ತಿ ಇರುತ್ತದೆ, ಅದನ್ನು ಹಿಡಿಯುತ್ತದೆ. ಡೋಟಾ ಒಳಗೆ ಗ್ಯಾಲಿಯಂ-68 ಕೂರಿಸಿದರೆ ಸ್ಕ್ಯಾನ್. 68 ನಿಮಿಷಕ್ಕೆ ಅರ್ಧ ಆಗುವ ಲೋಹ ಅದು, ಇಂಜೆಕ್ಷನ್ ಕೊಟ್ಟು ಸುಮಾರು ಒಂದು ತಾಸಿಗೆ ಚಿತ್ರ ತೆಗೆಯುತ್ತೇವೆ. ಅದೇ ಜಾಗದಲ್ಲಿ ಲುಟೀಷಿಯಂ-177 ಕೂರಿಸಿದರೆ ಚಿಕಿತ್ಸೆ. ಅದರ ಬೀಟಾ ಕಿರಣ ಅಂಗಾಂಶದಲ್ಲಿ ಹೆಚ್ಚೆಂದರೆ 2 ಮಿಲಿಮೀಟರ್ ಹೋಗುತ್ತದೆ. ಯುರೋಪಿನಲ್ಲಿ 2017ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಅನುಮತಿ ಸಿಕ್ಕಿತು. ನಮ್ಮಲ್ಲಿ ಲುಟೀಷಿಯಂ ಅನ್ನು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ರಿಯಾಕ್ಟರ್‌ನಲ್ಲೇ ತಯಾರಿಸುತ್ತಾರೆ. ನಿಮ್ಮ ವಿಷಯದಲ್ಲಿ ಪೆಪ್ಟೈಡ್ ಹೊತ್ತು ಮುಟ್ಟಿಸಿ ನಿಜವಾಗಿ ಜನರಿಗೆ ಉಪಯೋಗ ಆದದ್ದು ಎಲ್ಲಿ ಅಂತ ಕೇಳಿದರೆ ನಾನು ಇದನ್ನೇ ತೋರಿಸುವುದು.

ಈಗ ಸ್ಕ್ಯಾನಿನಲ್ಲಿ ಕಾಣುವುದನ್ನು ಹೇಳುತ್ತೇನೆ. ಯಕೃತ್ತಿನಲ್ಲಿ ಗಡ್ಡೆಗಳು ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಅದರ ಜೊತೆಗೆ ಗುಲ್ಮ ಗಾಢ ಕಪ್ಪು, ಎರಡೂ ಕಿಡ್ನಿ ಕಪ್ಪು, ಮೂತ್ರಕೋಶ ಕಪ್ಪು, ತಲೆಯಲ್ಲಿ ಪಿಟ್ಯುಟರಿಯ ಒಂದು ಚುಕ್ಕೆ. ಇಷ್ಟು ಒಳ್ಳೆ ಪೆಪ್ಟೈಡ್ ಕೂಡ ಗಡ್ಡೆಗೆ ಮಾತ್ರ ಹೋಗುವುದಿಲ್ಲ. ಗಡ್ಡೆಯಲ್ಲಿ ಜಾಸ್ತಿ ಹೊತ್ತು ಕೂರುತ್ತದೆ, ಉಳಿದ ಕಡೆಯಿಂದ ಬೇಗ ತೊಳೆದು ಹೋಗುತ್ತದೆ. ಈ ವ್ಯತ್ಯಾಸದ ಮೇಲೆ ಇಡೀ ಚಿಕಿತ್ಸೆ ನಿಂತಿದೆ. ರಕ್ತದಲ್ಲಿ ವಾರಗಟ್ಟಲೆ ಸುತ್ತುವ ಪೆಪ್ಟೈಡ್‌ಗೆ ಲುಟೀಷಿಯಂ ಕಟ್ಟಿದರೆ ಮೂಳೆಮಜ್ಜೆ ಹಾಳಾಗುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಒಂದೆರಡು ತಾಸು ಇಡಿಯಾಗಿ ಉಳಿಯುವುದು, ಗಡ್ಡೆಯ ಜೀವಕೋಶದ ಒಳಗೆ ಹೋಗುವುದು, ಮಿಕ್ಕಿದ್ದು ಬೇಗ ಹೊರಗೆ ಹೋಗುವುದು.

ಕಿಡ್ನಿಯದ್ದೂ ಒಂದು ವಿಷಯ ಇದೆ. ಸೋಸಿದ ಪೆಪ್ಟೈಡನ್ನು ಕಿಡ್ನಿಯ ನಾಳಗಳು ವಾಪಸ್ ಎಳೆದುಕೊಳ್ಳುತ್ತವೆ. ಅದರ ಜೊತೆಗೆ ಲುಟೀಷಿಯಂ ಕೂಡ ಅಲ್ಲೇ ಉಳಿಯುತ್ತದೆ. ಅದಕ್ಕೆ ಔಷಧಕ್ಕಿಂತ ಅರ್ಧ ತಾಸು ಮುಂಚೆ ಲೈಸೀನ್ ಮತ್ತು ಆರ್ಜಿನೀನ್ ಇರುವ ಡ್ರಿಪ್ ಶುರು ಮಾಡುತ್ತೇವೆ, ಔಷಧ ಮುಗಿದ ಮೇಲೂ ತಾಸುಗಟ್ಟಲೆ ಓಡಿಸುತ್ತೇವೆ. ಆ ಅಮೈನೊ ಆಮ್ಲಗಳು ವಾಪಸ್ ಎಳೆಯುವ ಜಾಗಗಳಿಗೆ ಪೈಪೋಟಿ ಕೊಡುತ್ತವೆ. ಕೆಲವರಿಗೆ ಆ ಡ್ರಿಪ್ಪಿನಿಂದಲೇ ವಾಂತಿ ಬರುತ್ತದೆ, ಅದಕ್ಕೂ ಮೊದಲೇ ಔಷಧ ಕೊಟ್ಟಿರುತ್ತೇವೆ. ನಿಮ್ಮ ಪೆಪ್ಟೈಡಿನಲ್ಲೂ ಆರ್ಜಿನೀನ್, ಲೈಸೀನ್ ಎರಡೂ ಇವೆ. ಧನಾವೇಶ ಜಾಸ್ತಿ ಇದ್ದಷ್ಟು ಕಿಡ್ನಿ ಎಳೆದುಕೊಳ್ಳುವುದು ಜಾಸ್ತಿ, ಇದನ್ನು ನೆನಪಿಡಿ.

ಇನ್ನೊಂದು ಮಾತು. ಗ್ಯಾಲಿಯಂ ಸ್ಕ್ಯಾನಿನಲ್ಲಿ ಗಡ್ಡೆ ಬೆಳಗದಿದ್ದರೆ ಆ ರೋಗಿಗೆ ಲುಟೀಷಿಯಂ ಕೊಡುವುದೇ ಇಲ್ಲ. ಹಿಡಿಯಲು ರಿಸೆಪ್ಟರ್ ಇದೆ ಅಂತ ಮೊದಲು ನೋಡಿಯೇ ಔಷಧ. ನಿಮ್ಮ ಪ್ರಾಜೆಕ್ಟಿನಲ್ಲೂ ಇಂಟಿಗ್ರಿನ್ ಇರುವ ಕೋಶ, ಇಲ್ಲದ ಕೋಶ ಎರಡನ್ನೂ ಇಟ್ಟುಕೊಳ್ಳಿ.

ಹಾವೇರಿ ಸಸ್ಯಶಾಸ್ತ್ರ (ನಿವೃತ್ತ ಶಿಕ್ಷಕ):

ನಾನು ಪೆಪ್ಟೈಡ್ ತಜ್ಞ ಅಲ್ಲ, ಗಿಡ ನೋಡುವವನು. ಉಂಗುರ ಅಂದ ಕೂಡಲೇ ಬರೆಯಬೇಕು ಅನ್ನಿಸಿತು.

1960ರ ದಶಕದಲ್ಲಿ ಲೊರೆಂಟ್ಸ್ ಗ್ರಾನ್ ಅನ್ನುವ ನಾರ್ವೆಯ ವೈದ್ಯರು ಕಾಂಗೋದಲ್ಲಿ ಕೆಲಸ ಮಾಡುತ್ತಿದ್ದಾಗ, ಅಲ್ಲಿನ ಹೆಂಗಸರು ಹೆರಿಗೆ ಬೇಗ ಆಗಲಿ ಅಂತ ಒಂದು ಗಿಡದ ಕಷಾಯ ಕುಡಿಯುವುದನ್ನು ಕಂಡರು. ಗಿಡ ಓಲ್ಡೆನ್‌ಲ್ಯಾಂಡಿಯಾ ಅಫಿನಿಸ್. ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಪೆಪ್ಟೈಡ್. ಕುದಿಸಿದರೂ ಕೆಡಲಿಲ್ಲ, ಹೊಟ್ಟೆಗೆ ಹೋದರೂ ಕೆಡಲಿಲ್ಲ. ಅದು ಹೇಗೆ ಅಂತ ಗೊತ್ತಾದದ್ದು 1995ರಲ್ಲಿ, ಆಸ್ಟ್ರೇಲಿಯಾದಲ್ಲಿ ಡೇವಿಡ್ ಕ್ರೇಕ್ ಗುಂಪು ರಚನೆ ಬಿಡಿಸಿದಾಗ. 29 ಅಮೈನೊ ಆಮ್ಲ, ತಲೆ ಬಾಲ ಕೂಡಿದ ಉಂಗುರ, ಒಳಗೆ ಮೂರು ಗಂಧಕದ ಸೇತುವೆ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಇಂಥವಕ್ಕೆ ಈಗ ಸೈಕ್ಲೊಟೈಡ್ ಅನ್ನುತ್ತಾರೆ.

ಅವು ನಮ್ಮ ಅಂಗಳದಲ್ಲೂ ಇವೆ. ಹಾವೇರಿಯಿಂದ ಹಿಡಿದು ಧಾರವಾಡದವರೆಗೆ ಕಾಂಪೌಂಡ್ ಗೋಡೆ ಮೇಲೆ ನೀಲಿ ಹೂ ಬಿಡುವ ಶಂಖಪುಷ್ಪದ ಬಳ್ಳಿ ಇದೆಯಲ್ಲ, ಅದರಲ್ಲೂ ಸೈಕ್ಲೊಟೈಡ್ ಇದೆ. ಅದಕ್ಕಿಂತ ದೊಡ್ಡ ವಿಷಯ, ಅದರ ಕಾಯಿಯಿಂದ ಸಿಂಗಾಪುರದ ವಿಜ್ಞಾನಿಗಳು 2014ರಲ್ಲಿ ಬ್ಯುಟಲೇಸ್-1 ಅನ್ನುವ ಕಿಣ್ವ ಬೇರ್ಪಡಿಸಿದರು. ನೇರ ಸರಪಳಿಯ ಕೊನೆಯಲ್ಲಿ ಆಸ್ಪರಜಿನ್-ಹಿಸ್ಟಿಡಿನ್-ವ್ಯಾಲೀನ್ ಇದ್ದರೆ, ಕೊನೆಯ ಎರಡನ್ನು ಉದುರಿಸಿ ಆಸ್ಪರಜಿನ್ ಅನ್ನು ತಲೆಗೆ ಜೋಡಿಸಿ ಉಂಗುರ ಮಾಡುತ್ತದೆ. ಅದೂ ನೀರಿನಲ್ಲೇ, ಬಹಳ ವೇಗವಾಗಿ.

ಹುಡುಗಿ, ನಿನ್ನ ಕಾಲೇಜಿನ ಹತ್ತಿರವೇ ಆ ಬಳ್ಳಿ ಸಿಗುತ್ತದೆ. ನೋಡಲು ಆಗುತ್ತದಾ? ಇದನ್ನು ಓದಿ ಯಾರೂ ಕ್ಯಾನ್ಸರ್‌ಗೆ ಅಂತ ಶಂಖಪುಷ್ಪದ ಕಷಾಯ ಕುಡಿಯಬೇಡಿ. ಸೈಕ್ಲೊಟೈಡ್‌ಗಳು ಜೀವಕೋಶದ ಪೊರೆಯನ್ನೇ ಒಡೆಯಬಲ್ಲವು, ಗಿಡ ಅವನ್ನು ಹುಳಕ್ಕೆ ಅಂತ ಮಾಡಿಕೊಳ್ಳುವುದು.

ಬೆಟಗೇರಿ ಕೆಮಿಸ್ಟ್:

ಗುರುಗಳೇ, ಬಹಳ ಒಳ್ಳೆ ಮಾತು ಹೇಳಿದಿರಿ. ಬ್ಯುಟಲೇಸ್ ನೂರಾರು ಅಮೈನೊ ಆಮ್ಲದ ಪ್ರೋಟೀನನ್ನೂ ಉಂಗುರ ಮಾಡುತ್ತದೆ. ಆದರೆ ಐದರಂಥ ತೀರಾ ಸಣ್ಣ ಉಂಗುರ ಅದಕ್ಕೆ ಒಗ್ಗುವುದಿಲ್ಲ, ಮತ್ತೆ ಜೋಡಣೆಯಲ್ಲಿ ಆಸ್ಪರಜಿನ್ ಉಳಿದುಬಿಡುತ್ತದೆ. ಸೈಕ್ಲೊಟೈಡಿನ ಚೌಕಟ್ಟಿನೊಳಗೆ ಆರ್‌ಜಿಡಿಯಂಥ ತುಣುಕು ಕೂರಿಸುವ ಕೆಲಸ ಮಾಡುವವರಿಗೆ ಅದು ಬಂಗಾರ. ಈ ತಂಗಿ ಪಿಎಚ್‌ಡಿಗೆ ಇಟ್ಟುಕೊಳ್ಳಲಿ.

ನ್ಯೂಕ್ಲಿಯರ್ ಅಕ್ಕ ಹೇಳಿದ್ದಕ್ಕೆ ನನ್ನದು ಒಂದು ಸೇರಿಕೆ. ಅವರಿಗೂ ನಿಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಲುಟೀಷಿಯಂ ಪೆಪ್ಟೈಡಿಗೆ ಅಂಟಿಕೊಂಡೇ ಕೆಲಸ ಮಾಡುತ್ತದೆ, ಬಿಡಿಸಬೇಕಾಗಿಲ್ಲ. ಡಾಕ್ಸೊರುಬಿಸಿನ್ ಹಾಗಲ್ಲ. ಅದು ಬಿಡುಗಡೆಯಾಗಿ ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಡಿಎನ್‌ಎ ನಡುವೆ ಕೂರಬೇಕು. ಹಾಗಾಗಿ ಪೆಪ್ಟೈಡ್ ಗಟ್ಟಿ ಮಾಡುವುದರ ಮೇಲೆ ಇಷ್ಟು ಕಾಳಜಿ ಹಾಕುತ್ತಿದ್ದೀರಿ, ಔಷಧವನ್ನು ಪೆಪ್ಟೈಡಿಗೆ ಕಟ್ಟುವ ಕೊಂಡಿಯ ಮೇಲೆ ಎಷ್ಟು ಹಾಕಿದ್ದೀರಿ ಅಂತ ನಾನು ಕೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಕೊಂಡಿಯ ಮಾತೇ ಇಲ್ಲ.

ಜಾಪ್ಟರೆಲಿನ್ ಡಾಕ್ಸೊರುಬಿಸಿನ್ ಕಥೆ ಓದಿ. 1977ರಲ್ಲಿ ನೊಬೆಲ್ ಪಡೆದ ಆಂಡ್ರ್ಯೂ ಶಾಲಿ ಅವರ ಪ್ರಯೋಗಾಲಯದಿಂದ ಬಂದದ್ದು. 10 ಅಮೈನೊ ಆಮ್ಲದ ಎಲ್‌ಎಚ್‌ಆರ್‌ಎಚ್ ಹಾರ್ಮೋನು, ಆರನೇ ಜಾಗದ ಗ್ಲೈಸೀನ್ ತೆಗೆದು ಡಿ-ಲೈಸೀನ್ ಹಾಕಿದ್ದಾರೆ. ಒಂದೇ ಬದಲಾವಣೆಯಲ್ಲಿ ಕಿಣ್ವದಿಂದ ರಕ್ಷಣೆಯೂ ಸಿಕ್ಕಿತು, ಔಷಧ ಕಟ್ಟಲು ಜಾಗವೂ ಸಿಕ್ಕಿತು. ನನಗೆ ಇವತ್ತಿಗೂ ಬಹಳ ಇಷ್ಟವಾದ ವಿನ್ಯಾಸ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುವ ಹೆಂಗಸರ ಮೇಲೆ ಮೂರನೇ ಹಂತದ ಪ್ರಯೋಗ ನಡೆಯಿತು. 2017ರಲ್ಲಿ ಫಲಿತಾಂಶ ಬಂದಾಗ ಬರೀ ಡಾಕ್ಸೊರುಬಿಸಿನ್‌ಗಿಂತ ಜಾಸ್ತಿ ದಿನ ಬದುಕಿಸಲಿಲ್ಲ. ಅದರಲ್ಲಿ ಔಷಧ ಕಟ್ಟಿದ್ದು ಎಸ್ಟರ್ ಕೊಂಡಿಯಿಂದ. ಎಸ್ಟರ್ ಗಡ್ಡೆಯಲ್ಲಿ ಮಾತ್ರವಲ್ಲ, ರಕ್ತದಲ್ಲೂ ಬಿಚ್ಚಿಕೊಳ್ಳುತ್ತದೆ. ದಾರಿಯಲ್ಲೇ ಔಷಧ ಬಿಟ್ಟ ಪೆಪ್ಟೈಡ್ ಗಡ್ಡೆಗೆ ಹೋಗಿ ಏನು ಪ್ರಯೋಜನ? ಸೋಲಿಗೆ ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಕೊಂಡಿ ಆರಿಸುವಾಗ ಇದು ತಲೆಯಲ್ಲಿರಲಿ.

ನಿಮಗೆ ನನ್ನ ಸಲಹೆ ಹೈಡ್ರಜೋನ್ ಕೊಂಡಿ. ಡಾಕ್ಸೊರುಬಿಸಿನ್ನಿನ ಕೀಟೋನ್ ಜಾಗಕ್ಕೆ ಕಟ್ಟುವುದು. ರಕ್ತದ ಪಿಎಚ್ 7.4ರಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ, ಕೋಶ ಅದನ್ನು ಒಳಗೆ ಎಳೆದುಕೊಂಡ ಮೇಲೆ ಪಿಎಚ್ 5ರ ಹತ್ತಿರ ಬಿಚ್ಚಿಕೊಳ್ಳುತ್ತದೆ. ಸಕ್ಕರೆ ಭಾಗದ ಅಮೈನ್‌ಗೆ ಅಮೈಡ್ ಕೊಂಡಿ ಹಾಕುವುದು ಸುಲಭ ಅಂತ ಅನ್ನಿಸುತ್ತದೆ, ಹಾಕಬೇಡಿ. ಆ ಅಮೈಡ್ ಬಿಚ್ಚುವುದಿಲ್ಲ, ಆ ಅಮೈನ್ ಮುಚ್ಚಿದರೆ ಔಷಧದ ಶಕ್ತಿಯೂ ಇಳಿಯುತ್ತದೆ.

ಇನ್ನು ನಿಮ್ಮ ಮೂರು ಪೆಪ್ಟೈಡ್. ಒಂದು, ಈಗಿನ ನೇರ ಸರಪಳಿಯೇ, ಎರಡೂ ತುದಿ ಮುಚ್ಚಿದ್ದು. ಎರಡು, ಐದರ ಉಂಗುರ. ಮೂರು, ಅದೇ ಉಂಗುರದಲ್ಲಿ ಗ್ಲೈಸೀನ್ ಬದಲು ಅಲನೀನ್ ಇಟ್ಟದ್ದು. ಈ ಮೂರನೆಯದು ಇಂಟಿಗ್ರಿನ್ ಹಿಡಿಯುವುದಿಲ್ಲ. ಅದು ಇಲ್ಲದಿದ್ದರೆ ಕೋಶದ ಒಳಗೆ ಔಷಧ ಹೋದದ್ದು ಆರ್‌ಜಿಡಿಯಿಂದಲೋ, ಸುಮ್ನೆ ಪೊರೆಗೆ ಅಂಟಿಕೊಂಡೋ ಅಂತ ನೀವು ಯಾರಿಗೂ ತೋರಿಸಲು ಆಗುವುದಿಲ್ಲ. ಕೋಶಗಳಿಗೆ ಯು87 (ಮೆದುಳಿನ ಗಡ್ಡೆಯದು) ಮತ್ತು ಎಂಸಿಎಫ್-7 (ಸ್ತನ ಕ್ಯಾನ್ಸರಿನದು) ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಆ ಇಂಟಿಗ್ರಿನ್ ಜಾಸ್ತಿ, ಎರಡನೆಯದರಲ್ಲಿ ಬಹಳ ಕಡಿಮೆ. ಡಾಕ್ಸೊರುಬಿಸಿನ್ ತಾನಾಗಿಯೇ ಕೆಂಪಗೆ ಹೊಳೆಯುತ್ತದೆ, 480 ನ್ಯಾನೊಮೀಟರ್ ಬೆಳಕು ಬಿಟ್ಟರೆ ಸಾಕು. ಬೇರೆ ಬಣ್ಣ ಕಟ್ಟುವ ಖರ್ಚಿಲ್ಲ. ಹೊಳಪು ನ್ಯೂಕ್ಲಿಯಸ್ಸಿನಲ್ಲಿ ಕಂಡರೆ ಕೊಂಡಿ ಬಿಚ್ಚಿದೆ. ಕೋಶದ ನಡುವೆ ಚುಕ್ಕೆ ಚುಕ್ಕೆಯಾಗಿ ನಿಂತಿದ್ದರೆ ಇನ್ನೂ ಚೀಲದೊಳಗೇ ಸಿಕ್ಕಿಕೊಂಡಿದೆ.

ಕೆಸ್ಲರ್ ಗುಂಪಿನ ಆ ಉಂಗುರದ ಮುಂದಿನ ರೂಪ ಸಿಲೆಂಗಿಟೈಡ್. ಮೆದುಳಿನ ಗ್ಲಿಯೊಬ್ಲಾಸ್ಟೋಮಾಗೆ ಅದನ್ನೇ ಔಷಧವಾಗಿ ಕೊಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆಯುಸ್ಸು ಹೆಚ್ಚಲಿಲ್ಲ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಇಂಟಿಗ್ರಿನ್ ಅನ್ನು ತಡೆದು ಗಡ್ಡೆ ನಿಲ್ಲಿಸುವುದು ಅವರ ಉದ್ದೇಶ ಆಗಿತ್ತು, ನಿಮ್ಮದು ಇಂಟಿಗ್ರಿನ್ ಹಿಡಿದು ಒಳಗೆ ಹೋಗುವುದು. ಎರಡೂ ಬೇರೆ. ಇದನ್ನು ಧೈರ್ಯವಾಗಿ ಹೇಳಿ.

ಕೆಲಗೇರಿ ಎಂಎಸ್ಸಿ:

ಮಾಸ್ ಬಂತು ಅಣ್ಣಾ. 5 ನಿಮಿಷದ ಸ್ಯಾಂಪಲ್‌ನಲ್ಲೇ 128 ಕಡಿಮೆಯದು ದೊಡ್ಡದಾಗಿ ಕಾಣುತ್ತಿದೆ. 57 ಕಡಿಮೆಯದು ಸಣ್ಣದಾಗಿ ಇದೆ. ಆರ್ಜಿನೀನ್ ಹತ್ತಿರ ಮುರಿದದ್ದು 15 ನಿಮಿಷದಲ್ಲೂ ಇಲ್ಲ. ಅಂದರೆ ಕೊನೆಯ ಲೈಸೀನ್ ಮೊದಲು ಹೋಗುತ್ತಿದೆ, ನೀವು ಹೇಳಿದ ಹಾಗೇ.

ಅಕ್ಕಾ, ನಿಮ್ಮ ಸ್ಕ್ಯಾನಿನ ವಿವರ ಓದಿದ ಮೇಲೆ ನನ್ನ ಪ್ರಾಜೆಕ್ಟಿನ ಉದ್ದೇಶದ ಸಾಲನ್ನೇ ಬದಲಿಸಿ ಬರೆದೆ. "ಗಡ್ಡೆಗೆ ಮಾತ್ರ" ಅಂತ ಇದ್ದದ್ದನ್ನು ತೆಗೆದು "ಹೃದಯಕ್ಕಿಂತ ಗಡ್ಡೆಯಲ್ಲಿ ಜಾಸ್ತಿ" ಅಂತ ಹಾಕಿದ್ದೇನೆ. ಗೈಡ್‌ಗೂ ಅದು ಹಿಡಿಸಿತು. ಸರ್, ಶಂಖಪುಷ್ಪದ ಕಾಯಿ ಬಿಡುವ ಕಾಲಕ್ಕೆ ನಿಮ್ಮನ್ನು ಮತ್ತೆ ಕೇಳುತ್ತೇನೆ.

ಕೊನೆಯ ಎರಡು ಪ್ರಶ್ನೆ. ನಮ್ಮಲ್ಲಿ ಇಲಿಯ ಸೀರಂ ಸುಲಭವಾಗಿ ಸಿಗುತ್ತದೆ, ಕೊಂಡಿಯ ಪರೀಕ್ಷೆಗೆ ಅದೇ ಸಾಕಾ? ಉಂಗುರ ಆದಮೇಲೆ ಆರ್ಜಿನೀನ್ ಮೇಲಿನ ಪಿಬಿಎಫ್ ಮುಚ್ಚಳ ತೆಗೆಯಲು ಎಷ್ಟು ಹೊತ್ತು ಬೇಕು?

ಬೆಟಗೇರಿ ಕೆಮಿಸ್ಟ್:

ಕೊಂಡಿಗೆ ಇಲಿ ಸೀರಂ ಒಂದನ್ನೇ ನಂಬಬೇಡಿ. ಇಲಿಯ ರಕ್ತದಲ್ಲಿ ಕಾರ್ಬಾಕ್ಸಿಲ್‌ಎಸ್ಟರೇಸ್ ಬಹಳ ಇರುತ್ತದೆ, ಮನುಷ್ಯರ ರಕ್ತದಲ್ಲಿ ಅಷ್ಟಿಲ್ಲ. ಎಸ್ಟರ್ ಕೊಂಡಿ ಅಲ್ಲಿ ಬೇಗ ಬಿಚ್ಚುತ್ತದೆ. ಬೇರೆ ಔಷಧಗಳಲ್ಲಿ ಬಳಸುವ ವ್ಯಾಲೀನ್-ಸಿಟ್ರುಲಿನ್ ಕೊಂಡಿಯೂ ಇಲಿಯ ಆ ಕಿಣ್ವಕ್ಕೆ ಸಿಗುತ್ತದೆ, ಮನುಷ್ಯರ ಸೀರಂನಲ್ಲಿ ಮಾತ್ರ ಚೆನ್ನಾಗಿ ನಿಲ್ಲುತ್ತದೆ. ಎರಡೂ ಸೀರಂ ಮಾಡಿ, ಜೊತೆಗೆ ಪಿಎಚ್ 7.4 ಮತ್ತು 5ರ ಬಫರ್. ಆಗ ಕಿಣ್ವ ಬಿಚ್ಚಿದ್ದೋ ಆಮ್ಲ ಬಿಚ್ಚಿದ್ದೋ ಗೊತ್ತಾಗುತ್ತದೆ.

ಪಿಬಿಎಫ್‌ಗೆ 95% ಟಿಎಫ್‌ಎ, ಉಳಿದದ್ದು ನೀರು ಮತ್ತು ಟ್ರೈ-ಐಸೊಪ್ರೊಪೈಲ್ ಸಿಲೇನ್ ಅರ್ಧರ್ಧ. ಎರಡರಿಂದ ಮೂರು ತಾಸು ಬಿಡಿ. ಇದನ್ನು ಔಷಧ ಕಟ್ಟುವ ಮೊದಲೇ ಮುಗಿಸಿ, ಟಿಎಫ್‌ಎ ತಗುಲಿದರೆ ಹೈಡ್ರಜೋನ್ ಉಳಿಯುವುದಿಲ್ಲ. ತಣ್ಣನೆ ಈಥರ್‌ಗೆ ಸುರಿದಾಗ ಬಿಳಿ ಪುಡಿ ಇಳಿಯುತ್ತದೆ. ಮಾಸ್‌ನಲ್ಲಿ ಬರಬೇಕಾದದ್ದಕ್ಕಿಂತ 252 ಜಾಸ್ತಿ ಕಂಡರೆ ಪಿಬಿಎಫ್ ಇನ್ನೂ ಕೂತಿದೆ, ಮತ್ತೆ ಒಂದು ತಾಸು ಇಡಿ.